ಬಾಲ್ ಚಾನೆಲ್ ಬೇಸ್

2006ನೆಯ ಇಸವಿ, ಏಪ್ರಿಲ್ ಎರಡು, ರವಿವಾರ. ಬೆಳಗಿನ ಐದಕ್ಕೆ ಹತ್ತು ನಿಮಿಷ ಕಡಿಮೆ. ಸ್ಥಳ, ರಾಣೆಬೆನ್ನೂರಿನ ಸ್ಟೇಷನ್ ರೋಡಿನಲ್ಲಿರುವ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ಮತ್ತು ಒಳಕೋಣೆಯಲ್ಲಿ ಮಲಗಿದ್ದ ನಮ್ಮ ಮನೆಯವರು.

ಟೀವಿ ಹಚ್ಚಿದೆ. ನನ್ನ ಚಾನೆಲ್ಲಿನಲ್ಲಿ ಬಿಳಿ ಚುಕ್ಕೆಗಳ ಹೊರತು ಏನೂ ಇರಲಿಲ್ಲ. ಇದು ಎಂಟನೆಯ ದಿನ. ಮರುದಿನ ಸೋಮವಾರ ಬೆಳಗಿನ ಐದೂವರೆಗೆ ಅಮೆರಿಕದ ವೃತ್ತಿ ಬೇಸ್‌ಬಾಲ್‌ನ ಹೊಸ ಹಂಗಾಮು ಶುರುವಾಗುವುದಿತ್ತು. ನನ್ನ ಕೈಯಲ್ಲಿದ್ದದ್ದು ಇಪ್ಪತ್ನಾಲ್ಕು ತಾಸು ನಲವತ್ತು ನಿಮಿಷ.

ರಾಣೆಬೆನ್ನೂರಿನ ಅರವತ್ತೊಂದು ವರ್ಷದ ಹೆಂಗಸಿಗೆ ಈ ಆಟ ಎಲ್ಲಿಂದ ಗಂಟುಬಿತ್ತು ಎಂದು ಕೇಳುವವರಿದ್ದಾರೆ. ಹೇಳಿಬಿಡುತ್ತೇನೆ. ನಾನು ಹಾವೇರಿಯ ಒಂದು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ನರ್ಸ್ ಆಗಿದ್ದೆ. ಕೊನೆಯ ಒಂಬತ್ತು ವರ್ಷ ಗಂಡಸರ ವಾರ್ಡಿನ ಜವಾಬ್ದಾರಿ ನನ್ನದಿತ್ತು. ಕೆಲಸ ಬಿಟ್ಟ ಮೇಲೂ ನಾಲ್ಕೂವರೆಗೆ ಎಚ್ಚರವಾಗುವುದು ಬಿಡಲಿಲ್ಲ. ನಾಲ್ಕು ನಲವತ್ತಕ್ಕೆ ಮುಖ ತೊಳೆದು ಆಗಿರುತ್ತದೆ, ನಾಲ್ಕು ಐವತ್ತಕ್ಕೆ ಚಹಾ. ಅಲ್ಲಿಂದ ಏಳರವರೆಗೆ ಮಾಡುವುದೇನು ಎಂಬುದು ನಿವೃತ್ತಿಯ ಮೊದಲ ವಾರದ ಪ್ರಶ್ನೆಯಾಗಿತ್ತು. ಒಂದು ಮುಂಜಾನೆ ಟೀವಿಯ ಗುಂಡಿ ಒತ್ತುತ್ತ ಹೋದಾಗ ಟೋಪಿ ಹಾಕಿಕೊಂಡ ಒಬ್ಬ ಎಸೆತಗಾರ ಕಾಣಿಸಿದ. ಚೆಂಡು ಅವನ ಕೈಯಲ್ಲೇ ಇತ್ತು, ಆದರೆ ಎಸೆಯಲಿಲ್ಲ. ಹೆಗಲ ಮೇಲಿಂದ ಹಿಂದಕ್ಕೆ ನೋಡಿದ. ಅಲ್ಲಿ ಎದುರು ತಂಡದವನೊಬ್ಬ ತನ್ನ ಜಾಗದಿಂದ ಎರಡು ಹೆಜ್ಜೆ ಆಚೆ ಸರಿದು, ಏನೂ ಅರಿಯದವನಂತೆ ನಿಂತಿದ್ದ. ಎಸೆತಗಾರ ಮುಂದೆ ನೋಡಿದ, ಮತ್ತೆ ಹಿಂದೆ. ನಾಲ್ಕು ಸಲ ಹೀಗಾಯಿತು. ನಾನು ಚಹಾದ ಕಪ್ಪು ಕೆಳಗಿಟ್ಟೆ. ರಾತ್ರಿ ಪಾಳಿಯಲ್ಲಿ ಬೀಡಿ ಸೇದಲು ಮಂಚ ಇಳಿಯುವ ರೋಗಿಯನ್ನು ನಾನು ನೋಡುತ್ತಿದ್ದದ್ದು ಥೇಟ್ ಹಾಗೆಯೇ.

ಆಟ ತಿಳಿಯಲು ಒಂದು ತಿಂಗಳು ಹಿಡಿಯಿತು. ನಾಲ್ಕು ಮೂಲೆಗೆ ನಾಲ್ಕು ಠಾಣೆ; ಅವಕ್ಕೆ ಬೇಸ್ ಎನ್ನುತ್ತಾರೆ. ಸುತ್ತು ಹಾಕಿ ತಿರುಗಿ ಬಂದರೆ ಒಂದು ಓಟ. ಎಸೆತಗಾರನ ಲಕ್ಷ್ಯ ತಪ್ಪಿಸಿ ಮುಂದಿನ ಬೇಸಿಗೆ ಓಡಿದರೆ ಅದಕ್ಕೆ ಕಳವು ಎಂದೇ ಹೆಸರು, ಆದರೆ ಶಿಕ್ಷೆಯಿಲ್ಲ. ಚೆಂಡು ಹಿಡಿಯುವವನು ಕುಕ್ಕರಗಾಲಿನಲ್ಲಿ ಕುಳಿತು ತೊಡೆಯ ಸಂದಿಯಲ್ಲಿ ಬೆರಳು ತೋರಿಸಿ ಗುಟ್ಟು ಹೇಳುತ್ತಾನೆ. ಇಬ್ಬರು ಮಾತಾಡಬೇಕಾದರೆ ಕೈಗವಸಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಎಲ್ಲರೂ ಎಲ್ಲರ ಮೇಲೂ ಸಂಶಯಪಡುತ್ತ ಮೂರು ತಾಸು ಶಿಸ್ತಿನಿಂದ ಕಳೆಯುವ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ಎಸೆತಗಾರ ದಣಿದರೆ ಬದಲಿಗೆ ಬರುವವನನ್ನು ರಿಲೀವರ್ ಎನ್ನುತ್ತಾರೆ. ನಮ್ಮ ವಾರ್ಡಿನಲ್ಲೂ ಅದೇ ಮಾತಿತ್ತು. ರಿಲೀವರ್ ಬರುವತನಕ ಜಾಗ ಬಿಡುವಂತಿಲ್ಲ.

ನಾನು ಬೆನ್ನು ಹತ್ತಿದ ತಂಡದಲ್ಲಿ ನಲವತ್ತರ ಒಬ್ಬ ಎಡಗೈ ಎಸೆತಗಾರನಿದ್ದ. ಹಿಂದಿನ ಹಂಗಾಮಿನ ಕೊನೆಗೆ ಅವನ ಭುಜದ ಶಸ್ತ್ರಕ್ರಿಯೆಯಾಯಿತು. ಚಳಿಗಾಲವೆಲ್ಲ ಚಾನೆಲ್ಲಿನವರು ಅವನು ಪೂರ್ತಿ ಗುಣವಾಗಿದ್ದಾನೆ, ಮೊದಲ ಪಂದ್ಯದಲ್ಲಿ ಅವನೇ ಎಸೆಯುತ್ತಾನೆ ಎಂದು ಹೇಳುತ್ತ ಬಂದರು. ತೋರಿಸಿದ್ದು ಅವನು ನಗುವುದನ್ನು, ನಡೆಯುವುದನ್ನು, ಮಕ್ಕಳಿಗೆ ಸಹಿ ಹಾಕಿಕೊಡುವುದನ್ನು. ಕೈಯನ್ನು ಕಿವಿಗಿಂತ ಮೇಲೆ ಎತ್ತಿದ್ದನ್ನು ಒಂದು ಸಲವೂ ತೋರಿಸಲಿಲ್ಲ. ರೋಗಿ ಗುಣವಾಗಿದ್ದಾನೆ ಎಂದು ಬರೆದು ಮನೆಗೆ ಕಳಿಸುವ ಅವಸರವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆ ಕೈ ಮೇಲೇಳುತ್ತದೋ ಇಲ್ಲವೋ ನನ್ನ ಕಣ್ಣಿನಿಂದಲೇ ನೋಡಬೇಕಿತ್ತು. ಅದಕ್ಕಾಗಿ ಐದು ತಿಂಗಳು ಕಾದಿದ್ದೆ.

ಚಾನೆಲ್ ಹೋದ ಮೊದಲ ದಿನದಿಂದಲೂ ಪ್ರತಿ ಮುಂಜಾನೆ ಎಂಟಕ್ಕೆ ಕೇಬಲ್ಲಿನವನ ಕಂಟ್ರೋಲ್ ರೂಮಿಗೆ ಫೋನ್ ಮಾಡಿದ್ದೆ. ಏಳು ದಿನ, ಏಳು ಫೋನು. ಎತ್ತುತ್ತಿದ್ದವಳು ಅವನ ಹೆಂಡತಿ. ಪ್ರತಿ ಸಲವೂ ನಗುತ್ತ ‘ಆತ್ರಿ ಬಾಯಾರ, ಬರಕೊಂಡೆ’ ಎನ್ನುವಳು. ನರ್ಸುಗಳನ್ನು ನಮ್ಮ ಕಡೆ ಬಾಯಾರು ಎಂದೇ ಕರೆಯುವುದು. ಯಾರೂ ಬರುತ್ತಿರಲಿಲ್ಲ. ದೂರು ಕೇಳಿ ನಗುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಬೇಕೆಂದೇ ಮಾಡುತ್ತಿದ್ದಾರೆ ಎಂದು ನಾಲ್ಕನೆಯ ದಿನವೇ ಖಾತ್ರಿ ಮಾಡಿಕೊಂಡೆ. ಯಾಕೆ ಎಂಬುದಷ್ಟೇ ತಿಳಿಯಬೇಕಿತ್ತು.

ಮನೆಯವರ ಮೇಲೂ ಅನುಮಾನವಿತ್ತು. ಅವರು ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಯಂತ್ರದ ಕೋಣೆ ನೋಡಿಕೊಳ್ಳುತ್ತಾರೆ. ರವಿವಾರ ಬಿಟ್ಟು ಉಳಿದ ದಿನ ಒಂಬತ್ತಕ್ಕೆ ಬುತ್ತಿ ಹಿಡಿದು ಹೊರಟರೆ ಬರುವುದು ಸಂಜೆ ಆರಕ್ಕೆ. ಚಾನೆಲ್ ಹೋದ ದಿನ ನಾನು ಬಾಯಿ ಬಿಡುವ ಮೊದಲೇ ಅವರು, ಇವತ್ತ ನಿನ್ನ ಪೈಜಾಮಾದವರು ಬಂದಿಲ್ಲೇನು ಎಂದು ಕೇಳಿದ್ದರು. ಆಟಗಾರರ ಉಡುಪು ನೋಡಿ ಅವರು ಇಟ್ಟ ಹೆಸರು ಅದು. ಆರರತನಕ ಏಳದ ಮನುಷ್ಯನಿಗೆ ಐದು ಗಂಟೆಯ ಸುದ್ದಿ ಗೊತ್ತಾದದ್ದು ಹೇಗೆ? ಫೆಬ್ರವರಿಯಲ್ಲೊಮ್ಮೆ, ಮುಂಜಾನೆಯ ಗದ್ದಲಕ್ಕೆ ನಿದ್ದೆ ಹಾಳಾಗುತ್ತದೆ ಎಂದೂ ಗೊಣಗಿದ್ದರು. ಎರಡನ್ನೂ ಜೋಡಿಸಿ ಇಟ್ಟುಕೊಂಡಿದ್ದೆ.

ಅಂದು ಫೋನ್ ಮಾಡಲಿಲ್ಲ. ಎಂಟಕ್ಕೆ ಕಂಟ್ರೋಲ್ ರೂಮಿಗೇ ಹೋದೆ. ಸ್ಟೇಷನ್ನಿನ ಹತ್ತಿರದ ಒಂದು ಮನೆಯ ಮುಂದಿನ ಕೋಣೆ; ಗೋಡೆಯುದ್ದಕ್ಕೂ ಸಾಲಾಗಿ ಕರಿಯ ಡಬ್ಬಿಗಳು, ಒಂದೊಂದಕ್ಕೂ ಒಂದು ಕೆಂಪು ದೀಪ. ಚಾನೆಲ್ಲುಗಳು ಆ ಡಬ್ಬಿಗಳಿಂದಲೇ ಊರಿಗೆ ಹೋಗುತ್ತವೆ. ನಡುವೆ ಒಂದು ಡಬ್ಬಿಯ ಜಾಗ ಖಾಲಿಯಿತ್ತು. ಸುತ್ತಲೂ ಧೂಳು, ಆ ಚೌಕದಲ್ಲಿ ಮಾತ್ರ ಇರಲಿಲ್ಲ.

ಕೇಬಲ್ಲಿನವನು ಮೂವತ್ತರ ಒಳಗಿನವನು. ಎದ್ದು ಕುರ್ಚಿ ಒರೆಸಿ ಕುಂದ್ರಿ ಎಂದ. ಕೂಡಲಿಲ್ಲ. ನನ್ನ ಚಾನೆಲ್ಲಿನ ಗತಿ ಏನು ಎಂದು ಕೇಳಿದೆ.

“ಬೇಸ್ ಐತೆಲ್ರಿ ಬಾಯಾರ?”

ಇಷ್ಟು ವರ್ಷದಲ್ಲಿ ನನ್ನೆದುರು ಯಾರೂ ಹೀಗೆ ಚೇಷ್ಟೆ ಮಾಡಿರಲಿಲ್ಲ. ಏಳು ದಿನ ದೂರು ಕೊಟ್ಟವಳಿಗೆ ಕೇಳುವ ಮಾತೇ ಇದು ಎಂದೆ. ಅವನು ಗಾಬರಿಯಾಗಿ, ದೂರು ಎಲ್ಲಿ ಕೊಟ್ಟೀರಿ ಎಂದ. ದೂರಿನ ವಹಿ ತೋರಿಸು ಎಂದೆ. ಒಳಗಿನಿಂದ ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಒಂದು ಉದ್ದನೆಯ ವಹಿ ತಂದು ನನ್ನ ಮುಂದೆ ಹಿಡಿದಳು. ತಾರೀಖಿನ ಪ್ರಕಾರ ಬರೆದಿತ್ತು. ಅವರ ಗೆರೆ ಅಲುಗಾಡುತ್ತಿದೆ, ಇವರ ಧ್ವನಿ ಬರುತ್ತಿಲ್ಲ. ನಡುವೆ ಪ್ರತಿದಿನವೂ ಒಂದು ಸಾಲು, ಏಳು ಸಲ:

ಸ್ಟೇಷನ್ ರೋಡ್ ನರ್ಸಬಾಯಾರು. ಬಾಲ್ ಚಾನೆಲ್ ಬೇಸ್.

ಮೊದಲು ನನಗೆ ಬಂದದ್ದು ಇದನ್ನು ಈಗ ಕುಳಿತು ಬರೆದಿದ್ದಾರೆ ಎಂಬ ಸಂಶಯ. ರಾತ್ರಿಯೆಲ್ಲ ಮಲಗಿ, ಬೆಳಗಿನ ಜಾವ ಹನ್ನೆರಡು ರೋಗಿಗಳ ಜ್ವರವನ್ನು ಒಂದೇ ಉಸಿರಿನಲ್ಲಿ ಬರೆಯುವವರನ್ನು ನಾನು ಹಿಡಿದಿದ್ದೇನೆ. ಹಾಗೆ ಬರೆದಾಗ ಶಾಯಿ ಒಂದೇ, ಅಕ್ಷರದ ಓಟ ಒಂದೇ. ವಹಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದು ದಿನ ನೀಲಿ, ಎರಡು ದಿನ ಕರಿ, ಗುರುವಾರ ಪೆನ್ಸಿಲ್. ಶುಕ್ರವಾರದ ಸಾಲಿನ ಮೇಲೆ ಎಣ್ಣೆಯ ಬೆರಳು. ಸುಳ್ಳು ಬರೆಯುವವರು ಇಷ್ಟು ಕಷ್ಟಪಡುವುದಿಲ್ಲ. ಬರಹ ಖರೆಯದಾಗಿತ್ತು.

ಹಾಗಾದರೆ ಇದನ್ನು ಹೇಳಿದವರು ಯಾರು? ನಾನೇ. ಫೋನಿನಲ್ಲಿ ಉದ್ದ ಮಾತಾಡುವ ರೂಢಿ ನನಗಿಲ್ಲ. ಯಾರು, ಎಲ್ಲಿಂದ, ಏನು. ಇಷ್ಟು ಹೇಳಿ ಇಡುವುದು. ಏಳು ದಿನವೂ ನಾನು ಹೇಳಿದ್ದು ‘ಸ್ಟೇಷನ್ ರೋಡಿನ ನರ್ಸಬಾಯಿ, ಬೇಸ್ ಬಾಲ್ ಚಾನೆಲ್’ ಎಂದಷ್ಟೇ. ನಮ್ಮ ಸೀಮೆಯಲ್ಲಿ ಚಲೋ ಎನ್ನುವುದಕ್ಕೂ ಬೇಸ್ ಎಂದೇ ಅನ್ನುತ್ತೇವೆ. ರೊಟ್ಟಿ ಬೇಸ್, ಮಳೆ ಬೇಸ್. ಆ ಹುಡುಗಿಯ ಕಿವಿಗೆ ಬೇಸ್‌ಬಾಲ್ ಎಂಬ ಆಟ ಎಂದೂ ಬಿದ್ದಿರಲಿಲ್ಲ. ನರ್ಸಬಾಯಾರು ಫೋನ್ ಮಾಡಿ, ಬೇಸ್, ಬಾಲ್ ಚಾನೆಲ್ ಎಂದರು. ಅವಳು ಹಾಗೆಯೇ ಬರೆದುಕೊಂಡಳು. ಹೊಗಳಲು ಫೋನ್ ಮಾಡುವವರು ಊರಲ್ಲಿ ಬೇರೆ ಯಾರೂ ಇರಲಿಲ್ಲವಾದ್ದರಿಂದ ಸಂತೋಷದಿಂದ ನಕ್ಕಳು.

ಈಗಲೂ ಅವಳು ನಗು ತಡೆದುಕೊಳ್ಳುತ್ತಿದ್ದಳು. ನಾನು ವಹಿ ಮುಚ್ಚಿ, ಆ ಖಾಲಿ ಜಾಗ ತೋರಿಸಿ ಡಬ್ಬಿ ಎಲ್ಲಿ ಎಂದು ಕೇಳಿದೆ. ಹಾವೇರಿಯಲ್ಲಿ ರಿಪೇರಿಗೆ ಕೊಟ್ಟಿದ್ದೇನೆ ಎಂದ. ಹಾವೇರಿಯಲ್ಲಿ ಎಲ್ಲಿ ಎಂದೆ. ಬಸ್‌ಸ್ಟ್ಯಾಂಡಿನ ಹಿಂದೆ, ಚಹಾದಂಗಡಿಯ ಬಾಜೂಕ, ನೀಲಿ ಬಾಗಿಲು. ಮೂವತ್ತೊಂದು ವರ್ಷ ಆ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಅದರ ಹಿಂದಿನ ದಾರಿಯಲ್ಲೇ ಆಸ್ಪತ್ರೆಗೆ ನಡೆದವಳು ನಾನು. ಚಹಾದಂಗಡಿ ದಾರಿಯ ಯಾವ ಕಡೆಗಿದೆ ಎಂದು ಕೇಳಿದೆ. ಎಡಕ್ಕೆ ಎಂದ. ಎಡಕ್ಕೆ ಉದ್ದಕ್ಕೂ ಕಾಂಪೌಂಡಿನ ಗೋಡೆಯಲ್ಲವೇ ಎಂದೆ. ಹಂಗಾರ ಬಲಕ್ಕೆ ಎಂದ.

“ಸಾಕ್ರಿ, ಬಾಯಾರ ಮುಂದ ಯಾಕ ಒದ್ದಾಡ್ತೀರಿ,” ಎಂದು ಹೆಂಡತಿ ಒಳಗೆ ಹೋದಳು.

ಆಮೇಲೆ ಖರೆ ಮಾತು ಹೊರಬಿತ್ತು. ಅವನ ಅಕ್ಕನ ಗಂಡ ಬ್ಯಾಡಗಿಯಲ್ಲಿ ಕೇಬಲ್ ನಡೆಸುತ್ತಾನೆ. ಮಾರ್ಚಿನ ಗುಡುಗುಮಳೆಯಲ್ಲಿ ಸಿಡಿಲು ಬಡಿದು ಅಲ್ಲಿಯದೊಂದು ಡಬ್ಬಿ ಸುಟ್ಟಿತು. ಒಂದು ಡಬ್ಬಿ ಕೊಡು ಎಂದು ಅಕ್ಕ ಬೆನ್ನು ಬಿದ್ದಳು. ಯಾರೂ ನೋಡದ ಚಾನೆಲ್ ಯಾವುದೆಂದು ವಿಚಾರ ಮಾಡಿ, ಇವನು ನನ್ನದನ್ನು ಕಿತ್ತು ಕೊಟ್ಟ; ಒಂದು ಡಬ್ಬಿಯನ್ನು ಬೇಕಾದ ಚಾನೆಲ್ಲಿಗೆ ತಿರುಗಿಸಿಕೊಳ್ಳಬಹುದಂತೆ. ಬೈಯುವವರು ಬಂದರೆ ತಿರುಗಿ ತಂದು ಹಚ್ಚುವುದು ಎಂದು ಎಣಿಸಿದ್ದ.

“ಒಬ್ಬರೂ ಬೈಲಿಲ್ರಿ. ನೀವೊಬ್ಬರ ದಿನಾ ಫೋನ್ ಮಾಡಿ ಬೇಸ್ ಬೇಸ್ ಅಂದ್ರಿ.”

“ಬಂದ್ ಆದ ಚಾನೆಲ್ ಬೇಸ್ ಐತಿ ಅಂತ ಯಾರರ ಅಂತಾರೇನೋ ತಮ್ಮಾ?”

“ಬಂದ್ ಆಗಿದ್ದ ನಿಮಗ ಬೇಸ್ ಆಗೈತಿ ಅಂತ ತಿಳದ್ನಿರಿ. ನಿಮ್ಮ ಮನ್ಯಾರೂ ಹೇಳಿದ್ರು, ಇಕಿ ಮುಂಜಾನೆದ್ದು ಟೀವಿ ಹಚ್ಚತಾಳ, ನನ್ನ ನಿದ್ದಿ ಹಾರಿ ಹೋಗೈತಿ ಅಂತ.”

ಯಾವಾಗ ಹೇಳಿದರು ಎಂದು ಕೇಳಿದೆ. ಹೋಳಿ ಹುಣ್ಣಿವೆಯ ಆಸುಪಾಸು, ಸ್ಟೇಷನ್ನಿನಲ್ಲಿ. ಇದನ್ನೂ ನೆನಪಿನಲ್ಲಿಟ್ಟುಕೊಂಡೆ.

ಇವತ್ತೇ ಬ್ಯಾಡಗಿಗೆ ಹೋಗಿ ಡಬ್ಬಿ ತರುತ್ತೇನೆ ಎಂದು ಅವನು ಮಾತು ಕೊಟ್ಟ. ನಾನೂ ಬರುತ್ತೇನೆ ಎಂದೆ. ಬೈಕಿನ ಮೇಲೆ ಹೋಗೋಣ ಎಂದ. ಹಿಂದೆ ಕುಳಿತರೆ ಅವನ ಬೆನ್ನಷ್ಟೇ ಕಾಣುತ್ತದೆ. ನನಗೆ ಮುಖ ಕಾಣಬೇಕಿತ್ತು. ಹತ್ತೂವರೆಯ ಬಸ್ಸಿಗೆ ಹೊರಟೆವು. ಮೋಟೆಬೆನ್ನೂರು ಕ್ರಾಸಿನಲ್ಲಿ ಅವನ ಮೊಬೈಲು ರಿಂಗಾಯಿತು. ಕಿಟಕಿಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದ. ಬಸ್ಸಿನ ಸದ್ದಿನಲ್ಲಿ ನನಗೆ ಸಿಕ್ಕಿದ್ದು ಮೂರು ಮಾತು: ಅತ್ತಿ, ಹಾಸಿಗಿ, ಲಗೂ. ಯಾರ ಫೋನು ಎಂದೆ. ಗಿರಾಕಿ ಎಂದ. ಬಾಯಿಗೆ ಕೈ ಅಡ್ಡ ಹಿಡಿಯುವವರು ಏನೋ ಹೂಡುತ್ತಿರುತ್ತಾರೆ ಎಂದು ಎರಡು ಹಂಗಾಮಿನ ಆಟ ನೋಡಿ ಕಲಿತಿದ್ದೆ.

ಮನೆ ಬ್ಯಾಡಗಿಯ ಪೇಟೆಯ ಹಿಂದಿನ ಸಾಲಿನಲ್ಲಿತ್ತು. ಓಣಿ ಹೊಕ್ಕ ಕೂಡಲೇ ಮೆಣಸಿನಕಾಯಿಯ ಘಾಟು ಮೂಗಿಗೆ ಏರಿತು. ಅಂಗಳದಲ್ಲಿ ಚಪ್ಪರ, ಅದರ ಕೆಳಗೆ ತಾಡಪತ್ರಿಯ ಮೇಲೆ ಕೆಂಪು ರಾಶಿ. ಒಂದು ಕಡೆ ತೊಟ್ಟು ಬಿಡಿಸಿದ ಕಾಯಿ, ಇನ್ನೊಂದು ಕಡೆ ಬಿಡಿಸದ್ದು, ನಡುವೆ ಒಂದು ಮಣೆ, ಮಣೆಯ ಮುಂದೆ ಅರ್ಧ ತುಂಬಿದ ಮೊರ. ಕುಳಿತಿದ್ದವರು ಕಾಣಲಿಲ್ಲ. ಟೀವಿ ಕಿಟಕಿಯ ಕಟ್ಟೆಯ ಮೇಲಿತ್ತು. ಅದರ ಮುಖ ಮನೆಯೊಳಕ್ಕಲ್ಲ, ಅಂಗಳದ ಕಡೆಗಿತ್ತು.

ಕೇಬಲ್ಲಿನವನ ಅಕ್ಕ ಸೆರಗಿನಿಂದ ಕಣ್ಣು ಒರೆಸುತ್ತ ಹೊರಗೆ ಬಂದಳು. ಗಂಡ ಲೈನು ನೋಡಲು ಹೋಗಿದ್ದಾನೆ ಎಂದು ಹೇಳಿ, ನನ್ನನ್ನು ಒಳಗೆ ಕರೆದೊಯ್ದಳು. ಮಂಚದ ಮೇಲೆ ಅವಳ ಅತ್ತೆ ಮಲಗಿದ್ದಳು, ಗದ್ದದವರೆಗೆ ಎರಡು ರಗ್ಗು ಹೊದ್ದು. ಏಪ್ರಿಲ್ ತಿಂಗಳ ಬ್ಯಾಡಗಿಯಲ್ಲಿ ಎರಡು ರಗ್ಗು.

“ಲಕ್ವಾ ಹೊಡದೈತ್ರಿ ಅವ್ವಾರ, ಎಡಗಡೆ ಪೂರಾ. ದೀಪಾವಳಿಗೆ ಮಲಗಿದಾಕಿ ಎದ್ದಿಲ್ಲ. ಟೀವಿಯೊಳಗಿನ ಪುರಾಣ ಒಂದ ಆಧಾರ. ಆ ಡಬ್ಬಿ ಒಯ್ದೀರಂದ್ರ ಜೀವಾ ಬಿಡತಾಳ.”

ಕೇಬಲ್ಲಿನವನು ಬಸ್ಸಿನಿಂದ ಅಕ್ಕನಿಗೆ ಫೋನಿನಲ್ಲಿ ಹೇಳಿದ್ದು, ಸ್ಟೇಷನ್ ರೋಡಿನ ಒಬ್ಬ ಮುದುಕಿ ಬರು‌ತ್ತಿದ್ದಾಳೆ ಎಂದಷ್ಟೇ. ಮುದುಕಿಯ ಕಸುಬು ಯಾವುದೆಂದು ಹೇಳಿದ್ದರೆ ಅವರು ಬೇರೆ ಕಾಯಿಲೆ ಹುಡುಕುತ್ತಿದ್ದರು. ಅವನು ಬಾಗಿಲ ಹೊರಗೇ ಉಳಿದ.

ನಾನು ಮಂಚದ ಅಂಚಿಗೆ ಕುಳಿತು ಮಣಿಕಟ್ಟು ಹಿಡಿದೆ. ನಾಡಿ ನೂರಾ ಎಂಟು. ಐದು ತಿಂಗಳು ಮಲಗಿದವರಿಗೆ ಅಷ್ಟು ಓಡಲು ಕಾರಣವಿಲ್ಲ. ಈಗಷ್ಟೇ ಅಂಗಳದಿಂದ ಮಂಚಕ್ಕೆ ಓಡಿ ಬಂದವರಿಗಿದೆ. ರಗ್ಗಿನ ತುದಿ ಎತ್ತಿದೆ. ಹಿಮ್ಮಡಿಯಲ್ಲಿ ಹಾಸಿಗೆ ಹುಣ್ಣಿನ ಗುರುತಿಲ್ಲ. ಅಂಗಾಲು ಎರಡೂ ಕೆಂಪಗಿದ್ದವು, ಮೆಣಸಿನಕಾಯಿಯ ಪುಡಿ. ಇನ್ನೊಂದು ಪರೀಕ್ಷೆ ಉಳಿದಿತ್ತು. ಅವಳ ಎಡಗೈಯನ್ನು ಎತ್ತಿ, ಮುಖದ ನೇರಕ್ಕೆ ತಂದು ಬಿಟ್ಟುಬಿಟ್ಟೆ. ನಿಜವಾಗಿ ಸ್ವಾಧೀನ ತಪ್ಪಿದ ಕೈ ಮೂಗಿನ ಮೇಲೇ ಬೀಳುತ್ತದೆ. ಈ ಕೈ ಮೂಗನ್ನು ತಪ್ಪಿಸಿ, ದಿಂಬಿನ ಪಕ್ಕಕ್ಕೆ ಮೆತ್ತಗೆ ಇಳಿಯಿತು.

“ಅವ್ವಾ, ಕಾಯಿ ತೊಟ್ಟು ಬಿಡಸೂದು ಬಲಗೈಲೇನೋ ಎಡಗೈಲೇನೋ?”

ಮುದುಕಿ ಒಂದು ಕಣ್ಣು ತೆರೆದಳು. ಸೊಸೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಎರಡೂ ಕೈಲೆ,” ಎಂದಳು. ಆಮೇಲೆ ಸೊಸೆಗೆ, “ಈ ರಗ್ಗ ತಗೀಯೇ ಮಾರಾಯ್ತಿ, ಬೆವತು ಸಾಯಾಕತ್ತೇನಿ. ಆಕಿ ನರ್ಸಬಾಯಿ ಇದ್ದಾಳ, ನಿನ್ನ ತಮ್ಮಗ ಹೇಳಾಕ ಬಾಯಿ ಇರಲಿಲ್ಲೇನು.”

ಎದ್ದು ಕುಳಿತು ಸೀರೆ ಸರಿಮಾಡಿಕೊಂಡಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು, ನನಗಿಂತ ಗಟ್ಟಿ. ಸಿಕ್ಕಿಬಿದ್ದ ನಾಚಿಕೆ ಇರಲಿಲ್ಲ. ವಿಷಯ ಏನೆಂದು ನೇರ ಹೇಳಿದಳು. ಅವಳ ಅಂಗಳಕ್ಕೆ ತೊಟ್ಟು ಬಿಡಿಸಲು ಹದಿನೈದು ಹೆಂಗಸರು ಬರುತ್ತಾರೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಒಂದು ಚಾನೆಲ್ಲಿನಲ್ಲಿ ಪುರಾಣ ಹೇಳುತ್ತಾರೆ. ಅವರು ಬರುವುದು ಆ ಪುರಾಣಕ್ಕೆ. ಸಿಡಿಲಿಗೆ ಡಬ್ಬಿ ಸುಟ್ಟ ಮರುದಿನವೇ ಒಂಬತ್ತು ಮಂದಿ ಎದುರು ಓಣಿಯ ಅಂಗಳಕ್ಕೆ ಹೋಗಿ ಕುಳಿತರು. ಅಲ್ಲಿ ಮಾಳಿಗೆಯ ಮೇಲೊಂದು ಡಿಶ್ಶಿನ ಛತ್ರಿ ಇತ್ತಂತೆ, ಕೇಬಲ್ಲಿನ ಹಂಗಿರಲಿಲ್ಲ. ಸೊಸೆಯ ತಮ್ಮನ ಡಬ್ಬಿ ಬಂದ ಮೇಲೆ ತಿರುಗಿ ಬಂದರು. ಈಗ ಒಯ್ದರೆ ಈ ರಾಶಿ ಬಿಡಿಸುವವರು ಯಾರು ಎಂದು ಕೇಳಿದಳು.

ಆ ರಾಶಿ ನಾನು ಕಣ್ಣಾರೆ ಕಂಡದ್ದು. ಅದರಲ್ಲಿ ಸುಳ್ಳಿರಲಿಲ್ಲ.

ನೀವು ಇಷ್ಟು ದೂರ ಬಂದಿರಲ್ಲ, ನಿಮ್ಮ ಚಾನೆಲ್ಲಿನಲ್ಲಿ ಯಾವ ಸ್ವಾಮಿಗಳು ಹೇಳುತ್ತಾರೆ ಎಂದು ವಿಚಾರಿಸಿದಳು. ಸ್ವಾಮಿಗಳಲ್ಲ, ಆಟ ಎಂದೆ. ಸೊಸೆ ನಕ್ಕಳು. ಮುದುಕಿ ನಗಲಿಲ್ಲ. ಎಡಗೈ ಎಸೆತಗಾರನ ಸಂಗತಿ ಹೇಳಿದೆ. ನಲವತ್ತು ವರ್ಷ, ಭುಜ ಕೊಯ್ದಿದ್ದಾರೆ, ಗುಣವಾಗಿದೆ ಎನ್ನುತ್ತಾರೆ, ನನಗೆ ನಂಬಿಕೆಯಿಲ್ಲ, ನಾಳೆ ಅವನು ಕೈ ಎತ್ತುವುದನ್ನು ನೋಡಬೇಕು. ಬಾಯಿಬಿಟ್ಟು ಹೇಳಿದಾಗ ನನ್ನ ಕಿವಿಗೇ ಇದು ಸಣ್ಣ ವಿಷಯವೆನ್ನಿಸಿತು. ಮುದುಕಿ ತನ್ನ ಬಲಭುಜದ ಮೇಲೆ ಕೈ ಇಟ್ಟುಕೊಂಡಳು.

“ನಮ್ಮ ಮನ್ಯಾರು ಇಲ್ಲೇ ಪ್ಯಾಟ್ಯಾಗ ಹಮಾಲಿ ಮಾಡತಿದ್ರು. ಭುಜ ಜಾರಿತ್ತು. ಬೇಸ್ ಆಗೈತಿ, ಬೇಸ್ ಆಗೈತಿ ಅಂತ ಎರಡು ವರ್ಷ ಚೀಲಾ ಹೊತ್ರು. ಅಂಗಿ ತೊಡೂವಾಗ ಮಾತ್ರ ನನ್ನ ಕರೀತಿದ್ರು, ತೋಳು ಏರಸಾಕ. ನಾ ಆವಾಗ ನೋಡಬೇಕಿತ್ತು. ನೋಡಲಿಲ್ಲ.”

ಅಂಥ ಭುಜಗಳು ಆಮೇಲೆ ನನ್ನಂಥವರ ವಾರ್ಡಿಗೇ ಬರುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು.

“ನಿಮ್ಮ ಆಟ ಎಷ್ಟೊತ್ತಿಗೆ?” ಎಂದು ಅವಳೇ ಕೇಳಿದಳು.

ಐದೂವರೆಗೆ ಶುರು, ಎಂಟೂವರೆಯೊಳಗೆ ಮುಗಿಯುತ್ತದೆ ಎಂದೆ. ಪುರಾಣ ಎರಡಕ್ಕೆ. ಇಬ್ಬರೂ ಒಂದೇ ಸಲಕ್ಕೆ ಬಾಗಿಲ ಹೊರಗಿದ್ದವನ ಕಡೆ ನೋಡಿದೆವು. ಒಂದೇ ಡಬ್ಬಿ ಎರಡು ಊರಿಗೆ ಸಾಲುತ್ತದೆಯೇ ಎಂದು ಕೇಳಿದೆ. ಹಚ್ಚಿ ತೆಗೆಯುವುದು ಐದು ನಿಮಿಷದ ಕೆಲಸ, ಆದರೆ ದಿನಾ ಹೊತ್ತು ತಿರುಗುವವರು ಯಾರು ಎಂದ. ನಮ್ಮ ಮನೆಯವರು ದಿನಾ ಒಂಬತ್ತರ ಮೇಲೆ ಬುತ್ತಿ ಹಿಡಿದು ಇದೇ ಊರಿಗೆ ಬರುತ್ತಾರೆ, ಸಂಜೆ ಆರಕ್ಕೆ ತಿರುಗಿ ಬರುತ್ತಾರೆ ಎಂದೆ. ರವಿವಾರ ಪುರಾಣವಿಲ್ಲ, ಹೆಂಗಸರೂ ಬರುವುದಿಲ್ಲ. ಆ ದಿನ ಡಬ್ಬಿ ರಾಣೆಬೆನ್ನೂರಿನಲ್ಲೇ ಇರಬಹುದು.

“ಗಂಡನ್ನ ಕೇಳಿ ಹೇಳ್ತೀರೇನು?” ಎಂದಳು ಮುದುಕಿ.

“ಹೇಳಿ ಕೇಳ್ತೇನಿ.”

ಅವಳು ಮೊದಲ ಸಲ ನಕ್ಕಳು. ರೊಟ್ಟಿ, ಮೊಸರು, ಹಸಿ ಈರುಳ್ಳಿ ಕೊಟ್ಟು ಎರಡಕ್ಕೆ ಬಿಟ್ಟರು. ಡಬ್ಬಿಯನ್ನು ಅವಳ ಒಂದು ಹಳೆಯ ಟಾವೆಲಿನಲ್ಲಿ ಸುತ್ತಿ ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದೆ. ಟಾವೆಲಿನ ತುಂಬ ಮೆಣಸಿನಕಾಯಿಯ ಧೂಳು. ಮೋಟೆಬೆನ್ನೂರಿನಿಂದ ಊರಿನವರೆಗೆ ನಾನೂ, ಮುಂದಿನ ಸೀಟಿನ ಇಬ್ಬರೂ ಸೀನುತ್ತಲೇ ಬಂದೆವು.

ನಾಲ್ಕು ಗಂಟೆಗೆ ಕಂಟ್ರೋಲ್ ರೂಮು. ನಾಲ್ಕು ಹತ್ತಕ್ಕೆ ಖಾಲಿ ಜಾಗ ತುಂಬಿತು, ಕೆಂಪು ದೀಪ ಹತ್ತಿತು. ಅಲ್ಲಿನ ಸಣ್ಣ ಟೀವಿಯಲ್ಲಿ ಚಿತ್ರ ಮೂಡಿತು. ಇಲ್ಲಿ ಕಂಡದ್ದು ನಮ್ಮ ಮನೆಯಲ್ಲೂ ಕಾಣುತ್ತದೆ ಎಂಬುದಕ್ಕೆ ಏನು ಆಧಾರ? ಅವನ ಫೋನಿನಿಂದಲೇ ಮನೆಗೆ ಫೋನ್ ಹಚ್ಚಿಸಿ, ಏನು ಕಾಣುತ್ತಿದೆ ಎಂದು ಮನೆಯವರನ್ನು ಕೇಳಿದೆ.

“ಒಬ್ಬಾವ ಹುಲ್ಲಿನ್ಯಾಗ ಸಣ್ಣ ಚೆಂಡು ಹುಡುಕಾಕತ್ತಾನ,” ಎಂದರು. ಸರಿಯಾಗಿತ್ತು, ನನ್ನೆದುರೂ ಅದೇ ಗಾಲ್ಫ್ ಆಟ ನಡೆದಿತ್ತು. ಸ್ವಲ್ಪ ತಡೆದು, “ಈಗ ಕೆಳಗ ಬಂತು ನೋಡು, ನಾಳೆ ಐದೂವರೆಗೆ ಅಂತ. ನಿನ್ನ ಎಡಚನ ಫೋಟೋ ಹಾಕ್ಯಾರ,” ಎಂದರು.

ಫೋನ್ ಇಟ್ಟ ಮೇಲೆ ನಾನು ಅಲ್ಲಿಯೇ ನಿಂತೆ. ಫೋಟೋದಲ್ಲಿ ಅವನ ಮುಖ ಮಾತ್ರ ಇತ್ತು, ಕೈ ಕಾಣುತ್ತಿರಲಿಲ್ಲ. ಅವನು ಎಡಚ ಎಂದು ಇವರಿಗೆ ಹೇಳಿದವರು ಯಾರು? ನಾನಂತೂ ಹೇಳಿರಲಿಲ್ಲ.

ಮನೆಗೆ ಬಂದು ಕೈಕಾಲು ತೊಳೆದುಕೊಂಡು, ಅವರನ್ನು ಎದುರಿಗೆ ಕೂಡ್ರಿಸಿಕೊಂಡು ವಿಚಾರಿಸಿದೆ. ಹೋಳಿಯ ಹೊತ್ತಿಗೆ ಸ್ಟೇಷನ್ನಿನಲ್ಲಿ ಆಡಿದ ಮಾತು, ಮೊದಲ ದಿನ ಕೇಳಿದ ಪ್ರಶ್ನೆ, ಈಗ ಎಡಚ. ಅವರು ಮೂರನ್ನೂ ಅಲ್ಲಗಳೆಯಲಿಲ್ಲ. ಒಳಕೋಣೆಯ ಬಾಗಿಲಿನ ಸಂದಿಯಿಂದ ಅರ್ಧ ಟೀವಿ ಕಾಣುತ್ತದಂತೆ. ಎರಡು ಹಂಗಾಮಿನಿಂದ ಅವರು ಅರ್ಧ ಆಟ ನೋಡುತ್ತ ಬಂದಿದ್ದಾರೆ. ಎಸೆಯುವವನು ಕಾಣುತ್ತಾನೆ, ಹೊಡೆಯುವವನು ಕಾಣುವುದಿಲ್ಲ. ನಿದ್ದೆ ಹೋಗಿದೆ ಎಂದದ್ದು ಅದಕ್ಕೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದೆ. ಹೇಳಿದರೆ ನಾಲ್ಕೂವರೆಗೆ ಎಬ್ಬಿಸುತ್ತೀ ಎಂದರು. ಅದು ಖರೆ.

ಡಬ್ಬಿಯ ಮಾತು ಎತ್ತಿದೆ. ಪೂರ್ತಿ ಹೇಳುವ ಮೊದಲೇ ಒಪ್ಪಿಬಿಟ್ಟರು. ಇಷ್ಟು ಲಗೂ ಒಪ್ಪುವುದು ಅವರ ಸ್ವಭಾವವಲ್ಲ. ಬ್ಯಾಡಗಿಯಲ್ಲಿ ಆ ಮುದುಕಿಯ ಮನೆಯಲ್ಲಿ ಮೊಸರು ಚಲೋ ಇದೆ ಎಂದು ನಾನು ಹೇಳಿದ್ದೆನೋ ಏನೋ. ಅದನ್ನು ಮುಂದೆ ನೋಡಿಕೊಳ್ಳುವುದೆಂದು ಬಿಟ್ಟೆ.

ಉಳಿದದ್ದು ಒಂದು ಕೆಲಸ. ಡಬ್ಬಿ ದಿನಾ ಬುತ್ತಿಯ ಜೊತೆ ಹೋಗಬೇಕು, ಮೆಣಸಿನಕಾಯಿಯ ಧೂಳಿನಲ್ಲಿ ಇಡೀ ಮಧ್ಯಾಹ್ನ ಕೂಡಬೇಕು, ಮತ್ತೆ ಬರಬೇಕು. ಟಾವೆಲು ಸಾಲದು. ಆರೂವರೆಗೆ ಹೊಲಿಗೆ ಯಂತ್ರ ತೆಗೆದೆ. ದಪ್ಪ ಬಿಳಿ ಬಟ್ಟೆಯ ಎರಡು ದಿಂಬಿನ ಚೀಲ ಬಿಚ್ಚಿ, ಡಬ್ಬಿಯ ಅಳತೆಗಿಂತ ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸಿದೆ. ಎರಡು ಪದರ, ಅಂಚಿಗೆ ಎರಡು ಸಾಲು ಹೊಲಿಗೆ, ಬಾಯಿಗೆ ದಾರ. ಒಳಗೆ ವಯರು ಇಡಲು ಬೇರೆ ಕಿಸೆ, ಹೊರಗೆ ಕೆಂಪು ನೂಲಿನಿಂದ ‘ಈ ಕಡೆ ಮೇಲೆ’ ಎಂಬ ಅಕ್ಷರ. ಒಂದು ರಟ್ಟಿನ ಚೀಟಿಗೆ ಗೆರೆ ಎಳೆದು, ಕೊಟ್ಟವರು ಯಾರು, ತೆಗೆದುಕೊಂಡವರು ಯಾರು, ಹೊತ್ತು ಎಷ್ಟು ಎಂದು ಮೂರು ಮನೆ ಮಾಡಿ ಕಿಸೆಯಲ್ಲಿ ಹಾಕಿದೆ. ಮನೆಯವರು ಅದನ್ನು ತೆಗೆದು ಓದಿ, ನನಗೂ ಸಹಿ ಮಾಡಬೇಕೇನು ಎಂದು ಕೇಳಿದರು. ನಿಮ್ಮದೇ ಮೊದಲು ಎಂದೆ.

ಏಳು ಐವತ್ತಕ್ಕೆ ದಾರದ ಕೊನೆಯ ಗಂಟು ಹಾಕಿದೆ. ಎರಡೂ ಕೈಯಿಂದ ಜಗ್ಗಿ ನೋಡಿದೆ, ಬಿಚ್ಚಲಿಲ್ಲ. ಇನ್ನೊಂದು ಸಲ ಜಗ್ಗಿ, ಚೀಲವನ್ನು ಮಡಿಚಿ ಮರುದಿನದ ಬುತ್ತಿಯ ಪಾತ್ರೆಯ ಪಕ್ಕಕ್ಕೆ ಇಟ್ಟೆ.